ದಿಬ್ಬ ತೆಗೆದ ಅಂಗಳ

ಡೋರೀನ್ ಹೇವರ್ತ್‌ಳ ಗಂಡ ಸತ್ತು ಐದು ವರ್ಷವಾಗಿತ್ತು. ಆದರೂ ಅವನಿನ್ನೂ ಮನೆ ಬಿಟ್ಟಿರಲಿಲ್ಲ. ಟಿವಿ ಪಕ್ಕದ ಕಪಾಟಿನ ಮೇಲೆ, ತಗಡಿನ ಡಬ್ಬಿಯೊಂದರಲ್ಲಿ ಬೂದಿಯಾಗಿ ಕೂತಿದ್ದ. ಸುಡುಗಾಡಿನವರು ಕೊಟ್ಟಿದ್ದ ಪ್ಲಾಸ್ಟಿಕ್ ಜಾಡಿ ಅವಳಿಗೆ ಹಿಡಿಸಿರಲಿಲ್ಲ. ಸ್ಟ್ಯಾನ್‌ಗೆ ಪ್ರಾಣವಾಗಿದ್ದ ಶುಂಠಿ ಬಿಸ್ಕತ್ತಿನ ಡಬ್ಬಿಯನ್ನು ತೊಳೆದು, ಒರೆಸಿ, ಅದರೊಳಗೆ ಅವನನ್ನು ಸುರಿದಿಟ್ಟಿದ್ದಳು.

ಸಂಜೆಯ ವಾರ್ತೆ ಶುರುವಾದರೆ ಸಾಕು, ಡಬ್ಬಿಯ ಜೊತೆ ಅವಳ ಮಾತೂ ಶುರು.

“ನೋಡೋ ಸ್ಟ್ಯಾನ್, ಮತ್ತ ಬಂದಾನ ಕೆಂಪು ಟೈನಾಂವ. ಹಿಂದಿನವರು ದೇಶಾ ಹಾಳ ಮಾಡಿ ಹೋಗ್ಯಾರಂತ. ಇಂವ ಏನ ಕಡದು ಕಟ್ಟಿ ಹಾಕ್ಯಾನೋ ದೇವರಿಗೇ ಗೊತ್ತು! ತಡಿ, ಈಗ ನೀಲಿ ಟೈನಾಂವ ಬಂದ. ಈಗಿನವರು ಹಾಳ ಮಾಡಾಕತ್ತಾರಂತ. ಇದೊಂದ ವಿಷಯದಾಗ ನೋಡು, ಇಬ್ಬರೂ ಖರೇ ಹೇಳ್ತಾರ.”

ಡೋರೀನ್‌ಳ ಅಪ್ಪ ಅವರ ಊರಾದ ಥಾರ್ನ್‌ಶಾದ ಗಿರಣಿಯಲ್ಲಿ ಮಗ್ಗ ನೋಡಿಕೊಂಡಿದ್ದವನು, ಹುಟ್ಟಾ ಕೆಂಪು ಪಕ್ಷದವನು. ಸ್ಟ್ಯಾನ್‌ನ ಮನೆಯವರು ಮಾಂಸದಂಗಡಿಯವರು. ಅವರ ಕಿಟಕಿಯಲ್ಲಿ ಚುನಾವಣೆ ಬಂದಾಗಲೆಲ್ಲ ನೀಲಿ ಪಕ್ಷದ ಚೀಟಿ. ಇವಳು ಅವನನ್ನು ಮದುವೆಯಾದದ್ದಕ್ಕೆ ಅಪ್ಪ ವರ್ಷಗಟ್ಟಲೆ ಮಾತು ಬಿಟ್ಟಿದ್ದ. ಅದನ್ನು ನೆನೆದರೆ ಈಗ ಡೋರೀನ್‌ಗೆ ಮೈಯೆಲ್ಲ ಉರಿಯುತ್ತದೆ. ಎಂಥ ಕಂತ್ರಿಗಳಿಗೋಸ್ಕರ ಹೆತ್ತ ಮಗಳನ್ನು ದೂರ ಮಾಡಿಕೊಂಡೆಯಪ್ಪಾ ಎಂದು! ಅವಳು ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸಿ ಮುದುಕಿಯಾದವಳು. ಅಲ್ಲಿ ಒಂದೇ ಪಾತ್ರೆಯಲ್ಲಿ ಕಸ್ಟರ್ಡ್ ಕಾಯಿಸಿ, ಒಂದು ದಿನ ಗುಲಾಬಿ ಬಣ್ಣ ಹಾಕುವುದು, ಒಂದು ದಿನ ಹಳದಿ. ಗುಲಾಬಿ ಬೇಕು, ಹಳದಿ ಬೇಡ ಎಂದು ಮಕ್ಕಳು ಜುಟ್ಟು ಹಿಡಿದು ಬಡಿದಾಡುತ್ತಿದ್ದವು. ಈ ದೇಶದ ರಾಜಕೀಯ ಅವಳಿಗೆ ಅರ್ಥವಾದದ್ದು ಆ ಪಾತ್ರೆಯ ಮುಂದೆ ನಿಂತಾಗಲೇ.

ಸ್ಟ್ಯಾನ್ ಡಬ್ಬಿಯಲ್ಲೇ ಉಳಿದದ್ದೂ ಈ ಎರಡು ಪಕ್ಷದ ಪುಣ್ಯಾತ್ಮರ ದೆಸೆಯಿಂದಲೇ.

ಥಾರ್ನ್‌ಶಾದಲ್ಲಿ ಗುಂಡು ಉರುಳಿಸುವ ಆಟಕ್ಕೆ ಒಂದು ಹಸಿರು ಅಂಗಳವಿತ್ತು. ಆ ಸೀಮೆಯ ಅಂಗಳಗಳೆಲ್ಲ ನಡುವೆ ದಿಬ್ಬವೆದ್ದು ನಾಲ್ಕೂ ಕಡೆ ಇಳಿಜಾರಾಗಿರುತ್ತವೆ. ಗುಂಡು ದಿಬ್ಬ ಹತ್ತಿ, ವಾಲಿ, ಬಳುಕಿ ಇಳಿಯಬೇಕು, ಆಟವೆಂದರೆ ಅದೇ. ದಕ್ಷಿಣದವರು ಮಟ್ಟಸವಾದ ಹುಲ್ಲಿನ ಮೇಲೆ ಆಡುತ್ತಾರೆ. ಅದನ್ನು ಥಾರ್ನ್‌ಶಾದವರು ಆಟವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕ್ಲಬ್ಬಿನ ಸದಸ್ಯರು ಸತ್ತರೆ ಅವರ ಬೂದಿಯನ್ನು ಆ ದಿಬ್ಬದ ನೆತ್ತಿಯ ಮೇಲೆ ಉದುರಿಸಿ, ಒಂದು ಬಕೆಟ್ ನೀರು ಹಾಕಿ, ಒಳಗೆ ಹೋಗಿ ಚಹಾ ಕುಡಿಯುವುದು ವಾಡಿಕೆ. ಬಸ್ಸು ಓಡಿಸಿಕೊಂಡಿದ್ದ ಸ್ಟ್ಯಾನ್ ರಜೆಯ ದಿನವೆಲ್ಲ ಬಿದ್ದಿರುತ್ತಿದ್ದದ್ದು ಅಲ್ಲೇ. ಆಸ್ಪತ್ರೆಯಲ್ಲಿ ಉಸಿರು ಸಿಕ್ಕಿಕೊಂಡಾಗಲೂ ಅವನಿಗೆ ಅದೇ ಚಿಂತೆ.

“ಎರಡ ವರ್ಷದಾಗ ಅಂಗಳಾ ಹೊಳ್ಳಿ ಕೊಡ್ತಾರಂತ. ಅಲ್ಲೀತನಕಾ ನನ್ನ ಮನ್ಯಾಗ ಇಟ್ಕೋ, ಡೋರೀನ್. ಆಮ್ಯಾಲ ದಿಬ್ಬದ ನೆತ್ತಿ ಮ್ಯಾಲ ಹಾಕು. ಮೂಲ್ಯಾಗ ಗೀಲ್ಯಾಗ ಒಗದೀ ಮತ್ತ!”

“ಒಗೀತೀನಿ ನೋಡು, ಚರಂಡ್ಯಾಗ,” ಎಂದಿದ್ದಳು ಅವಳು, ಅವನ ಕೈ ಹಿಡಿದುಕೊಂಡು. ಅವನು ನಕ್ಕಿದ್ದ.

ಎರಡು ವರ್ಷವಂತೆ! ಉತ್ತರದ ಊರುಗಳನ್ನೆಲ್ಲ ಲಂಡನ್ನಿಗೆ ಹತ್ತಿರ ಮಾಡುವ ವೇಗದ ರೈಲು ಬರುತ್ತದೆಂದು ಸರ್ಕಾರ ಡಂಗುರ ಹೊಡೆದಿತ್ತು. ಅದರ ಯಂತ್ರಗಳನ್ನು ನಿಲ್ಲಿಸಿಕೊಳ್ಳಲು ಅಂಗಳ ಬೇಕಾಗಿತ್ತು. ಹಾಗೆಂದು ಹೇಳಲು ಬಂದ ಅಧಿಕಾರಿಗಳನ್ನು ಥಾರ್ನ್‌ಶಾದವರು ಹೇಗೆ ಎದುರಿಸಿದರು ಕೇಳಿ: ಕ್ಲಬ್ಬಿನಲ್ಲಿ ಕೂರಿಸಿ ಚಹಾ ಕೊಟ್ಟರು. ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತು, ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಕೇಳಿ, ಒಂದೊಂದು ಪ್ರಶ್ನೆ ಹಾಕಿದರು. ಬಾಯಿಬಿಟ್ಟು ಬೈದವರು ಒಬ್ಬರೂ ಇಲ್ಲ. ಬೈಯುವುದೇನಿದ್ದರೂ ಮನೆಗೆ ಹೋದ ಮೇಲೆ, ಟಿವಿಗೆ. ಆ ಊರಿನ ಜನ್ಮಕ್ಕಂಟಿದ ಜಾಡ್ಯ ಅದು. ನಿಂಬೆ ಕೇಕನ್ನು ಕತ್ತರಿಸಿದ್ದು ಡೋರೀನ್. ದೊಡ್ಡ ತುಂಡನ್ನು ಅಧಿಕಾರಿಯೊಬ್ಬನ ತಟ್ಟೆಗೆ ಹಾಕಿದ್ದೂ ಅವಳೇ. ಅವನು ಇನ್ನೊಂದು ಕೇಳಿದ. ಅದನ್ನೂ ಕೊಟ್ಟಳು. ಆ ಎರಡನೆಯ ತುಂಡು ಅವಳಿಗೆ ಇವತ್ತಿಗೂ ಸಹಿಸಲಾಗುವುದಿಲ್ಲ.

ಆಮೇಲೆ ನಡೆದದ್ದನ್ನು ಹೇಳಲು ನಾಚಿಕೆಯಾಗಬೇಕು, ಆದರೆ ನಾಚಬೇಕಾದವರೇ ನಾಚಲಿಲ್ಲ. ನೀಲಿ ಮಂತ್ರಿ ಬಂದು, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು, ಸನಿಕೆ ಹಿಡಿದು ಫೋಟೋ ತೆಗೆಸಿಕೊಂಡ. ಮುಂದಿನ ನೀಲಿ ಮಂತ್ರಿ ಬಂದು ಕೆಲಸ ನಿಲ್ಲಿಸಿದ. ಯಾಕೆ ನಿಂತಿತೆಂದು ನೋಡಲು ಸಮಿತಿ ಕೂತಿತು. ಸಮಿತಿ ತಡವೇಕೆ ಮಾಡಿತೆಂದು ನೋಡಲು ಇನ್ನೊಂದು ಸಮಿತಿ ಕೂತಿತು. ಕೆಂಪು ಪಕ್ಷದವರು ನಾವು ಬಂದರೆ ರೈಲು ಬಿಟ್ಟೇ ಬಿಡುತ್ತೇವೆಂದು ಎದೆ ತಟ್ಟಿಕೊಂಡರು, ಬಂದರು, ಖಜಾನೆ ಖಾಲಿಯಾಗಿದೆ, ತಪ್ಪು ಹಿಂದಿನವರದು ಎಂದು ಯೋಜನೆಗೆ ಎಳ್ಳುನೀರು ಬಿಟ್ಟರು. ಒಂದೇ ಒಂದು ಹಳಿ ಬೀಳಲಿಲ್ಲ. ಥಾರ್ನ್‌ಶಾದ ಪಾಲಿಗೆ ಬಂದದ್ದು ಒಂದು ಎತ್ತರದ ಹಲಗೆ ಬೇಲಿ, ಅದರಾಚೆ ಕಳೆ ಬೆಳೆದ ನೆಲ.

“ಆ ರೊಕ್ಕದಾಗ ಊರ ಮಂದೀನ್ನೆಲ್ಲಾ ಸಾಯೂತನಕಾ ಟ್ಯಾಕ್ಸ್ಯಾಗ ಲಂಡನ್ನಿಗೆ ಕರಕೊಂಡ ಹೋಗಿ ತರಬಹುದಿತ್ತು,” ಎನ್ನುತ್ತಿದ್ದ ಹೆರಲ್ಡ್ ಟ್ಯಾಟರ್ಸಲ್. ಅವನು ಕ್ಲಬ್ಬಿನ ಕಾರ್ಯದರ್ಶಿ, ಸ್ಟ್ಯಾನ್‌ನ ಹಳೆಯ ಜೋಡಿ ಆಟಗಾರ.

“ಲಂಡನ್ನಿಗೆ ಹೋಗಿ ಏನ ಮಾಡೂದೈತೋ? ಇವರ ಮಾರಿ ನೋಡೂದಾ?” ಎನ್ನುತ್ತಿದ್ದಳು ಡೋರೀನ್.

ಈ ವಸಂತದಲ್ಲಿ ಊರಿನ ಎಂಪಿ ಏನೋ ಎಡವಟ್ಟು ಮಾಡಿಕೊಂಡು ರಾಜೀನಾಮೆ ಕೊಟ್ಟ. ಉಪಚುನಾವಣೆ ಬಂತು. ಬಂದದ್ದೇ ತಡ, ಅಂಗಳವನ್ನು ಮೊದಲಿಗಿಂತ ಚೆನ್ನಾಗಿ ಸರಿಪಡಿಸಿ ಜನರಿಗೆ ಒಪ್ಪಿಸುತ್ತೇವೆಂದು ಸರ್ಕಾರದಿಂದ ಸುದ್ದಿಯೂ ಬಂತು.

ಅಂಗಳ ಒಪ್ಪಿಸುವ ದಿನ ಡೋರೀನ್ ತಲೆ ಬಾಚಿ, ಒಳ್ಳೆಯ ಕೋಟು ಹಾಕಿ, ಅಂಗಳಕ್ಕೆಂದೇ ಇಟ್ಟಿದ್ದ ಮೆತ್ತನೆ ಅಟ್ಟೆಯ ಬೂಟು ತೊಟ್ಟಳು. ಡಬ್ಬಿಯನ್ನು ಸಂತೆಚೀಲಕ್ಕೆ ಇಳಿಸಿದಳು.

“ನಡಿ, ಮುದಿಯಾ. ಇನ್ನ ನಿನ್ನ ಧೂಳಾ ಝಾಡಸೂ ಕೆಲಸಾ ಮುಗೀತು ನಂದು,” ಎಂದಳು.

ಬೇಲಿಯ ಬಾಗಿಲಿಗೆ ರಿಬ್ಬನ್ ಕಟ್ಟಿದ್ದರು. ಕೆಂಪು ಪಕ್ಷದ ಅಭ್ಯರ್ಥಿ ಟ್ರಿಸ್ಟನ್ ಪೆಲ್ ಒಂದು ಕಡೆ, ನೀಲಿ ಪಕ್ಷದ ಫಿಲಿಪ್ಪಾ ಗ್ರೇಂಜ್ ಇನ್ನೊಂದು ಕಡೆ ಕತ್ತರಿ ಹಿಡಿದು ನಿಂತಿದ್ದರು. ಇಬ್ಬರ ಕಾಲಲ್ಲೂ ಟಕಟಕ ಎನ್ನುವ ಗಟ್ಟಿ ಬೂಟು. ರಿಬ್ಬನ್ ತುಂಡಾಯಿತು, ಬಾಗಿಲು ತೆರೆಯಿತು. ಊರವರು ಒಳಗೆ ಹೋಗಿ, ಹುಲ್ಲಿನಂಚಿಗೆ ಬಂದು ನಿಂತುಬಿಟ್ಟರು.

ಅಂಗಳ ದೋಸೆ ಕಾವಲಿಯಂತೆ ಮಟ್ಟಸವಾಗಿತ್ತು.

ಡೋರೀನ್ ಚೀಲವನ್ನು ಎದೆಗೆ ಒತ್ತಿಕೊಂಡಳು. “ದಿಬ್ಬಾ ಎಲ್ಲಿ?” ಎಂದು ಕೇಳಿದಳು.

ಲಂಡನ್ನಿನಿಂದ ಬಂದಿದ್ದ ಹಳದಿ ಜಾಕೆಟ್ಟಿನ ಅಧಿಕಾರಿಯ ಮುಖ ಅರಳಿತು. “ಯಾವ ದಿಬ್ಬ ಮೇಡಂ? ಓ, ಮಧ್ಯದಲ್ಲಿ ಉಬ್ಬಿತ್ತಲ್ಲ, ಅದಾ? ನಮ್ಮ ಯಂತ್ರಗಳು ಓಡಾಡಿ ನೆಲ ಹಾಗೆ ಕೆಟ್ಟಿರಬೇಕು ಅಂತ ಪೂರ್ತಿ ಕೆತ್ತಿಸಿ ತೆಗೆಸಿದ್ವಿ. ಅದಕ್ಕೇ ಸ್ವಲ್ಪ ಖರ್ಚು ಜಾಸ್ತಿ ಆಯ್ತು. ಈಗ ನೋಡಿ, ಗೋಲಿ ಇಟ್ರೂ ಉರುಳಲ್ಲ!”

“ನಮ್ಮ ಅಜ್ಜಂದ್ರು ಕಟ್ಟಿದ್ದು ಅದು,” ಎಂದ ಹೆರಲ್ಡ್. “ಆ ಮಣ್ಣ ಏನ ಮಾಡಿದ್ರಿ?”

“ಅಲ್ಲೇ, ಬೇಲಿ ಹಿಂದೆ ರಾಶಿ ಹಾಕ್ಸಿದೀವಿ.”

ಟ್ರಿಸ್ಟನ್ ಪೆಲ್ ಕೆಮ್ಮಿ ಮುಂದೆ ಬಂದ. “ನೋಡಿ, ಈ ಗುತ್ತಿಗೆ ಕೊಟ್ಟಿದ್ದು ಹಿಂದಿನ ಸರ್ಕಾರ.”

“ಕೆಲಸ ನೋಡ್ಕೊಂಡಿದ್ದು ನಿಮ್ಮ ಸರ್ಕಾರ ಕಣ್ರೀ,” ಎಂದಳು ಫಿಲಿಪ್ಪಾ ಗ್ರೇಂಜ್. “ಇದರ ಬಗ್ಗೆ ಸ್ವತಂತ್ರ ವಿಚಾರಣೆ ಆಗ್ಲೇಬೇಕು.”

“ಖಂಡಿತ ಆಗ್ಲಿ. ನಾವೂ ಅದನ್ನೇ ಹೇಳೋದು.”

ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ಹಿಂದೆ ನಿಂತವರಲ್ಲಿ ಒಂದಿಬ್ಬರು ಚಪ್ಪಾಳೆ ತಟ್ಟಿದರು. ಅಯ್ಯೋ, ಅದೂ ಆ ಊರಿನ ಮರ್ಯಾದೆ! ಡೋರೀನ್‌ಳ ಬಾಯಿಗೂ ಥ್ಯಾಂಕ್ಸ್ ಎನ್ನುವ ಮಾತು ಬಂದೇಬಿಟ್ಟಿತ್ತು. ಇನ್ನೊಂದು ಸಮಿತಿ, ಇನ್ನೆರಡು ಮಂತ್ರಿಗಳು, ಇನ್ನೆಷ್ಟು ವರ್ಷ ಕಪಾಟಿನ ಮೇಲೆ? ಅವಳಿಗೀಗ ಎಪ್ಪತ್ತೊಂಬತ್ತು. ತಾನು ಹೋದರೆ ಆ ಡಬ್ಬಿಯನ್ನು ಯಾರಾದರೂ ಬಿಸ್ಕತ್ತಿನದೆಂದು ಕಸಕ್ಕೆ ಹಾಕುತ್ತಾರೆ.

ಅಷ್ಟರಲ್ಲಿ ಅಧಿಕಾರಿ, “ಹಿರಿಯರು ನೀವು, ಮೊದಲನೇ ಗುಂಡು ನೀವೇ ಉರುಳಿಸಿ ಮೇಡಂ, ಫೋಟೋಗೆ ಚೆನ್ನಾಗಿರುತ್ತೆ,” ಎಂದ.

ಡೋರೀನ್ ಗುಂಡು ಮುಟ್ಟಲಿಲ್ಲ. ಚೀಲ ಹಿಡಿದು ನೆಟ್ಟಗೆ ಅಂಗಳದ ನಡುವಿಗೆ ನಡೆದಳು. ಫೋಟೋ ತಪ್ಪೀತೆಂದು ಅಭ್ಯರ್ಥಿಗಳಿಬ್ಬರೂ ಗಟ್ಟಿ ಬೂಟಿನಲ್ಲೇ ಹುಲ್ಲು ತುಳಿದು ಹಿಂದೆ ಓಡಿದರು. ಅವಳು ಡಬ್ಬಿಯ ಮುಚ್ಚಳ ತೆಗೆದು, ಬಗ್ಗಿ, ಅವಸರ ಮಾಡದೆ ಎಲ್ಲವನ್ನೂ ಒಂದೇ ಕಡೆ ಸುರಿದಳು. ಮಟ್ಟಸ ಹುಲ್ಲಿನ ಮೇಲೆ ಬೂದಿಯ ಒಂದು ಪುಟ್ಟ ಗುಪ್ಪೆ ಎದ್ದಿತು.

“ಇದು... ಏನು ಮೇಡಂ?” ಎಂದ ಟ್ರಿಸ್ಟನ್ ಪೆಲ್.

“ನನ್ನ ಗಂಡ. ಕಾಲ ತಗೀ. ನಿನ್ನ ಬೂಟಿನ ಮ್ಯಾಲೂ ಒಂದೀಟ ಅದಾನ.”

ಅವನು ಒಂಟಿ ಕಾಲಲ್ಲಿ ಕುಪ್ಪಳಿಸಿದ. ಫಿಲಿಪ್ಪಾ ಗ್ರೇಂಜ್ ಕ್ಯಾಮೆರಾ ಕಡೆ ತಿರುಗಿ ದುಃಖದ ಮುಖ ಮಾಡಿದಳು.

ಡೋರೀನ್ ಊರವರನ್ನು ನೋಡಿದಳು. ಟಿವಿಗೆ ಮಾತ್ರ ಬೈದು ಗೊತ್ತಿದ್ದ ದನಿಯಲ್ಲಿ ಅವಳು ಮೊದಲ ಸಲ ಬಯಲಲ್ಲಿ ಕೂಗಿದಳು: “ದಿಬ್ಬಾ ಇಲ್ಲಿಂದ ಶುರು! ನೆತ್ತಿ ಗುರ್ತಿಗೆ ನಮ್ಮ ಸ್ಟ್ಯಾನ್ ಅದಾನ. ಉಳದ ಮಣ್ಣ ಬೇಲಿ ಹಿಂದ ಬಿದ್ದೈತಿ. ಏನ ಮಾರಿ ನೋಡ್ತೀರಿ, ಹೋಗಿ ತರ್ರಿ!”

ಹೆರಲ್ಡ್ ಹೋಗಿ ಕ್ಲಬ್ಬಿನ ಹಿಂದಿನ ತಳ್ಳುಗಾಡಿ ತಂದ. ಮೊದಲ ಮಣ್ಣನ್ನು ಅವನೇ ಗೆಳೆಯನ ಸುತ್ತ ಕೈಯಾರೆ ಒತ್ತಿದ. ಆಮೇಲೆ ಅಕ್ಕಪಕ್ಕದ ಮನೆಗಳಿಂದ ಗಾಡಿಗಳು, ಬಕೆಟ್ಟುಗಳು, ಒಂದು ಮಗುವಿನ ಹಳೆಯ ಗಾಡಿ ಕೂಡ ಬಂದವು. ಬಂದವರು ತಮ್ಮ ಪಾಳಿಗಾಗಿ ಸಾಲಾಗಿ ನಿಂತರು. ಅದೊಂದನ್ನು ಬಿಡುವುದು ಅವರಿಂದಾಗಲಿಲ್ಲ. ಅಧಿಕಾರಿ ಅನುಮತಿ ಬೇಕು, ಅನುಮತಿ ಬೇಕು ಎಂದು ಸಾಲಿನ ಉದ್ದಕ್ಕೂ ಓಡಾಡಿದ. ಯಾರೂ ಅವನಿಗೆ ಕ್ಷಮೆ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಡೋರೀನ್ ಕ್ಲಬ್ಬಿನಲ್ಲಿ ದೊಡ್ಡ ಕೆಟಲ್ ಇಟ್ಟಳು. ಕೇಕು ಕೊಯ್ದಳು. ಮಣ್ಣು ಹೊತ್ತವರಿಗೆಲ್ಲ ಕೈಗೊಂದು ಕಪ್ಪು ಕೊಟ್ಟುಕೊಂಡು ಬಂದಳು. ಹಳದಿ ಜಾಕೆಟ್ಟಿನವನೂ ಅಭ್ಯರ್ಥಿಗಳಿಬ್ಬರೂ ಬಾಗಿಲ ಬಳಿ ಚಹಾದ ದಾರಿ ನೋಡುತ್ತ ನಿಂತಿದ್ದರು. ಡೋರೀನ್ ತಟ್ಟೆ ಹಿಡಿದುಕೊಂಡು ಅವರ ಮುಂದೆಯೇ ಹಾದುಹೋದಳು.