ಬಿಟ್ಟು ಬಂದ ಅಜ್ಜಿಗೆ ತೆರೆದಿಟ್ಟ ಬಾಗಿಲು

ನಾನು ಚಿಕ್ಕವಳಿದ್ದಾಗ ವರ್ಷಕ್ಕೊಂದು ದಿನ ನಾವು ನಮ್ಮ ಮನೆಯಿಂದಲೇ ಓಡಿಹೋಗುತ್ತಿದ್ದೆವು. ನಗಬೇಡಿ, ಕೇಳಿ! ಎಷ್ಟೋ ತಲೆಮಾರಿನ ಹಿಂದೆ ನಮ್ಮ ಹಿರಿಯರು ಬಡಗಣ ಸೀಮೆಯಲ್ಲಿ ಯಾವನೋ ಅರಸನಿಗೆ ಹೆದರಿ, ಒಲೆಯ ಮೇಲಿನ ಕೂಳನ್ನು ಹಾಗೇ ಬಿಟ್ಟು, ದನಗಳ ಹಿಂದೆ ನಡೆದು ತಮಿಳು ಸೀಮೆಯ ಈ ಗೂಡಲೂರಿಗೆ ಬಂದರಂತೆ. ನಡೆಯಲಾರದ ಒಬ್ಬ ಅಜ್ಜಿಯನ್ನು ಅಲ್ಲೇ ಬಿಟ್ಟರಂತೆ. ಆ ತಪ್ಪು ನಮ್ಮನ್ನು ಕಾಡಬಾರದೆಂದು ಈ ಆಚರಣೆ.

ಆ ದಿನ ಮಧ್ಯಾಹ್ನ ಅಮ್ಮ ಸಜ್ಜೆ ಕೂಳು, ಅವರೆ ಸಾರು ಮಾಡಿ ಒಲೆಯ ಮೇಲೇ ಬಿಡುತ್ತಿದ್ದಳು. ಕೆಂಡಕ್ಕೆ ಬೂದಿ ಮುಚ್ಚಿ, ದೀಪ ಹಚ್ಚಿ, ಬಿಟ್ಟು ಬಂದ ಅಜ್ಜಿ ಬಂದು ಉಣ್ಣಲಿ ಎಂದು ಬಾಗಿಲು ತೆರೆದಿಟ್ಟು ಹೊರಡುತ್ತಿದ್ದೆವು. ಅಪ್ಪ ದನಗಳ ಗಂಟೆಯೊಳಗೆ ಹುಲ್ಲು ತುರುಕುತ್ತಿದ್ದ. ಅಪ್ಪನ ತಾಯಿಯನ್ನು ನಾವೆಲ್ಲ ಅವ್ವ ಎನ್ನುತ್ತಿದ್ದೆವು. ಅವಳಿಗೆ ಮೊಣಕಾಲು ಹಿಡಿದು ನಡೆಯಲು ಬಾರದು, ಅಪ್ಪನ ಬೆನ್ನ ಮೇಲೆಯೇ ಸವಾರಿ. ಕೂಸುಗಳು ಅಳದಂತೆ ಬಾಯಿಗೆ ಬೆಲ್ಲ. ಯಾರೂ ಮಾತಾಡಬಾರದು, ಹಿಂತಿರುಗಿ ನೋಡಬಾರದು. ಊರಾಚೆಯ ಹುಣಸೆಮರದವರೆಗೆ ನಡೆದು, ಹೊತ್ತು ಇಳಿಯುವವರೆಗೆ ಕೂತು ಮರಳುವುದು. ಅಷ್ಟು ದನ, ಅಷ್ಟು ಜನ, ಒಂದು ದನಿಯಿಲ್ಲ! ಧೂಳಿನಲ್ಲಿ ಗೊರಸಿನ ಸಪ್ಪಳ ಮಾತ್ರ. ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ.

ನನಗೆ ಎಂಟು ವರ್ಷವಾಗಿದ್ದಾಗ, ಆ ಹುಣಸೆಮರದ ಹತ್ತಿರ ತಡೆಯಲಾರದೆ ಹಿಂತಿರುಗಿ ನೋಡಿಬಿಟ್ಟೆ. ನಮ್ಮ ಮನೆಯ ಮಾಡಿನಿಂದ ಹೊಗೆ ಏಳುತ್ತಿತ್ತು. ಬೂದಿ ಮುಚ್ಚಿದ ಕೆಂಡವನ್ನು ಯಾರೋ ಊದಿದ್ದರು! ನಾನು ನೋಡಿದ್ದಕ್ಕೇ ಆ ಅಜ್ಜಿ ಬಂದಳು ಎಂದುಕೊಂಡೆ. ಹೇಳೋಣವೆಂದರೆ ಮಾತಾಡುವಂತಿಲ್ಲ.

ಮರಳಿದಾಗ ಒಲೆಯ ಮುಂದೆ ಒಬ್ಬ ಮುದುಕಿ ಕೂತಿದ್ದಳು. ಕೆದರಿದ ಬಿಳಿ ಕೂದಲು, ಮೈಯೆಲ್ಲ ಕೆಸರು, ಮಡಿಲಲ್ಲಿ ಒಂದು ಮಗು, ನಮ್ಮ ತಟ್ಟೆಯಲ್ಲಿ ಕೂಳು. ತಲೆಯೆತ್ತಿ ನಮ್ಮನ್ನೇ ನೋಡಿದಳು. ಅಪ್ಪ ಅವ್ವನನ್ನು ಹೊಸ್ತಿಲಲ್ಲಿ ಇಳಿಸಿ ಉದ್ದಕ್ಕೆ ಅಡ್ಡಬಿದ್ದ.

“ತಪ್ಪಾಯ್ತು ತಾಯಿ, ನಿನ್ನ ಬುಟ್ಬುಟ್ ಬಂದ್ವು. ಮನ್ನಿಸ್ಬುಡು!”

ಊರಿಗೆಲ್ಲ ಗದರುವ ಅಪ್ಪ ಗೊಳೋ ಎಂದು ಅತ್ತ.

ಆಗ ಮಗು ಕೆಮ್ಮಿತು. ದೆವ್ವದ ಮಗು ಕೆಮ್ಮುತ್ತದೆಯೇ? ಧೈರ್ಯ ಮಾಡಿ ಮುಟ್ಟಿದೆ. ಜ್ವರದಲ್ಲಿ ಮೈ ಸುಡುತ್ತಿತ್ತು.

“ಅಡುಪ್ಪುಲ ತಣ್ಣಿ ವಂದುರುಚ್ಚು, ಸಾಮಿ” ಎಂದಳು ಮುದುಕಿ, ತಮಿಳಿನಲ್ಲಿ. ತಮ್ಮ ಒಲೆಯೊಳಗೆ ನೀರು ಬಂದುಬಿಟ್ಟಿತು ಎಂದು. ಅವರ ಒಲೆಯ ಮೇಲೆ ಗಂಜಿ ಇತ್ತಂತೆ, ಅದನ್ನು ಹಾಗೇ ಬಿಟ್ಟು ಓಡಿದರಂತೆ. ಬೆಟ್ಟದ ಮೇಲೆ ಆಗಷ್ಟೇ ಅಣೆ ಕಟ್ಟಿದ್ದರು. ನಮ್ಮ ಹೊಲಕ್ಕೆ ನೀರು ಬರುತ್ತದೆಂದು ನಾವು ಪೊಂಗಲಿಟ್ಟು ಕುಣಿದಿದ್ದೆವು. ಆ ನೀರು ನಿಂತ ಕಡೆ ಇವರ ಗುಡಿಸಲುಗಳಿದ್ದವು ಎಂಬುದು ನಮಗೆ ಹೊಳೆದೇ ಇರಲಿಲ್ಲ.

ಅಪ್ಪ ಎದ್ದ. ಅವನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. “ಯಾರೋ ಕಾಡೋರು! ಸಾಮಿ ಕೂಳ್ ಮುಟ್ಬುಟ್ರಲ್ಲ! ಪೋ, ಎದ್ದು ಪೋ!”

ಮುದುಕಿ ಮಗುವನ್ನು ಎತ್ತಿಕೊಂಡು ಏಳಲು ನೋಡಿದಳು. ಕಾಲು ನಿಲ್ಲಲಿಲ್ಲ. ಹೊರಗೆ ಆಗಲೇ ಬೆಟ್ಟದ ಗಾಳಿ ಬೀಸುತ್ತಿತ್ತು. ಆ ಮಗು ಹೊರಗೆ ಹೋದರೆ ಉಳಿಯುವುದಿಲ್ಲವೆಂದು ನನಗೂ ಗೊತ್ತಾಯಿತು.

ಹೊಸ್ತಿಲಲ್ಲಿ ಕೂತಿದ್ದ ಅವ್ವ ಬಾಯಿ ಬಿಟ್ಟಳು: “ಏನ್ಲಾ, ಸತ್ತೋಳು ಅಂದ್ಕಂಡು ಕಾಲಿಗ್ ಬಿದ್ದೆ. ಬದ್ಕವಳೆ ಅಂತ ಗೊತ್ತಾಗ್ತಲೂ ಅಟ್ತೀಯಾ? ಅಂಗಾದ್ರೆ ನನ್ನೂ ಆಚೆ ಹಾಕು. ನಂಗೂ ನಡ್ಯಾಕಾಗಲ್ಲ.”

ಅಪ್ಪ ತನ್ನ ಕಂಬಳಿ ತಂದು ಮಗುವಿಗೆ ಹೊದಿಸಿದ.

ಮಗು ಉಳಿಯಿತು. ಆರನೆಯ ದಿನ ಬೆಳಗ್ಗೆ ನೋಡಿದರೆ ಇಬ್ಬರೂ ಇಲ್ಲ. ಒಲೆ ಸಾರಿಸಿತ್ತು, ತಟ್ಟೆ ಬೆಳಗಿ ಬೋರಲು ಹಾಕಿತ್ತು. ಎಲ್ಲಿಗೆ ಹೋದರೋ, ಇಂದಿಗೂ ಗೊತ್ತಿಲ್ಲ.

ಈಗ ನೀವು ಆ ನೀರಿನ ಕಾಲುವೆಯಲ್ಲೇ ಈಜುತ್ತೀರಿ, ಎರಡು ಬೆಳೆಯ ಅನ್ನ ಉಣ್ಣುತ್ತೀರಿ, ಚಿನ್ನಮನೂರಿನ ಶಾಲೆಗೆ ಬಸ್ಸಿನಲ್ಲಿ ಹೋಗುತ್ತೀರಿ. ಹೋಗಿ, ಉಣ್ಣಿ, ನನಗೇನು ಹೊಟ್ಟೆಕಿಚ್ಚಿಲ್ಲ. ನಮ್ಮ ಆಚರಣೆಯೂ ನಿಂತಿತು. ಮನೆಗೆ ಹಿತ್ತಾಳೆ ಬೀಗ ಬಂತು. ವರ್ಷಕ್ಕೆ ಆ ಒಂದು ದಿನ ಮಾತ್ರ ನಾನು ಬೀಗದಕೈಯನ್ನು ಸೆರಗಿಗೆ ಕಟ್ಟಿಕೊಂಡು ಬಾಗಿಲು ತೆರೆದಿಡುತ್ತೇನೆ. ಅಜ್ಜಿಗೆ ಅರಳುಮರಳು ಎಂದು ನೀವು ಪಿಸುಗುಟ್ಟುವುದು ನನಗೆ ಕೇಳಿಸುತ್ತದೆ, ತಿಳಿಯಿತೇ? ಆ ನೀರಿನ ಅಡಿಯಲ್ಲಿ ಒಂದು ಒಲೆ ಇದೆ, ಮಕ್ಕಳೇ. ಅದರ ಮೇಲಿದ್ದ ಗಂಜಿಯನ್ನು ಯಾರೂ ಉಣ್ಣಲಿಲ್ಲ.