ಸೊಪ್ಪಿನಮ್ಮನ ಬೋಣಿ

ಆಕೆಯ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಹಸಿರುಗಪ್ಪಾಗಿರುತ್ತಿತ್ತು. ಸೊಪ್ಪು ಚಿವುಟಿ ಚಿವುಟಿ ಹಾಗಾಗಿತ್ತು. ಸಾರಕ್ಕಿಯಿಂದ ಬುಟ್ಟಿ ಹೊತ್ತು ಜಯನಗರಕ್ಕೆ ನಡೆದು ಬರುತ್ತಿದ್ದ ಆಕೆಯನ್ನು ನಾವೆಲ್ಲ ಸೊಪ್ಪಿನಮ್ಮ ಎನ್ನುತ್ತಿದ್ದೆವು.

ಬಡಾವಣೆಯಾಗುವ ಮುಂಚೆ ನಮ್ಮ ಬೀದಿ ಆಕೆಯ ಮನೆಯವರ ರಾಗಿ ಹೊಲ. ಇಲ್ಲಿಗೇ ಬಂದು ಸೊಪ್ಪು ಮಾರಲು ಸಂಕಟವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ.

"ಹೊಲ ಹೋಯ್ತು ಕಣವ್ವ. ಹಸಿವು ಹೋಯ್ತಾ?" ಎಂದು ಬುಟ್ಟಿಗೆ ನೀರು ಚಿಮುಕಿಸಿದ್ದಳು. ಸಂಜೆ ಉಳಿದದ್ದನ್ನು ಹಸುವಿಗೆ ಹಾಕುತ್ತಿದ್ದಳೇ ಹೊರತು ಮರುದಿನ ತರುತ್ತಿರಲಿಲ್ಲ.

ಮಗು, ನಿಮ್ಮ ತಾತ ತೀರಿಕೊಂಡಾಗ ನಿಮ್ಮಮ್ಮ ಮೈಸೂರಿನ ಹಾಸ್ಟೆಲಿನಲ್ಲಿದ್ದಳು. ನೆಂಟರು ಹೊರಟ ಮೇಲೆ ಮನೆಯಲ್ಲಿ ನಾನೊಬ್ಬಳೇ. ಆಗೆಲ್ಲ ಗಂಡ ಸತ್ತವಳ ಕೈಯಿಂದ ಬೋಣಿ, ಅಂದರೆ ದಿನದ ಮೊದಲ ವ್ಯಾಪಾರ, ಯಾರೂ ಮಾಡಿಸುತ್ತಿರಲಿಲ್ಲ. ಮೊಸರಿನವಳು ಆಗಲೇ ನಮ್ಮ ಬಾಗಿಲನ್ನು ಕೊನೆಗೆ ಇಟ್ಟುಕೊಂಡಿದ್ದಳು. ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಸೊಪ್ಪಿನಮ್ಮ ಎಂದಿನಂತೆ ಮೊದಲು ನಮ್ಮ ಜಗಲಿಯಲ್ಲೇ ಬುಟ್ಟಿ ಇಳಿಸಿ, ಬೋಣಿ ಮಾಡು ಬಾರವ್ವ ಎಂದು ಕರೆದಳು.

ಮೆಂತ್ಯ ಸೊಪ್ಪು ಕೊಂಡೆ. ನಿಮ್ಮ ತಾತನಿಗೆ ಮೆಂತ್ಯವೆಂದರೆ ಪ್ರಾಣ. ಮರುದಿನವೂ ಮೆಂತ್ಯ, ಅದರ ಮರುದಿನವೂ. ಬೇಯಿಸುವ ಮನಸ್ಸಾಗದೆ ಮಜ್ಜಿಗೆ ಅನ್ನ ಉಂಡು ಏಳುತ್ತಿದ್ದೆ. ಒಂದು ದಿನ ಕುಡಿಯಲು ನೀರು ಕೇಳಿಕೊಂಡು ಹಿತ್ತಿಲಿಗೆ ಬಂದ ಆಕೆ, ಮೂಲೆಯಲ್ಲಿ ಬಾಡಿ ಬಿದ್ದಿದ್ದ ಕಟ್ಟುಗಳನ್ನು ನೋಡಿದಳು. ಕಟ್ಟಿದ ಬಾಳೆನಾರು ಕೂಡ ನಾನು ಬಿಚ್ಚಿರಲಿಲ್ಲ. ಆಕೆ ನೀರು ಕುಡಿದು ಹೋದಳು.

ಮಾರನೆಯ ಬೆಳಿಗ್ಗೆ ಮೆಂತ್ಯದ ಮೇಲೆ ಕೈಯಿಟ್ಟು, ಇದನ್ನು ಕೊಡಲ್ಲ ಎಂದಳು.

"ಇದು ಅಯ್ಯನೋರಿಗೆ. ನಿಂಗ್ಯಾವ ಸೊಪ್ಪು ಇಷ್ಟ, ಅದನ್ನ ಹೇಳು."

ಮದುವೆಯಾದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಎದುರು ಮನೆಯವರು ಎರಡು ಸಲ ಕೂಗಿದರು. ಆಕೆ ಬಿಸಿಲಿನಲ್ಲಿ ಕೂತೇ ಇದ್ದಳು. ಕೊನೆಗೆ ಹೊನಗೊನ್ನೆ ಎಂದೆ. ಅದು ಅವತ್ತು ಬುಟ್ಟಿಯಲ್ಲಿರಲಿಲ್ಲ.

"ನಾಳೆ ತರ್ತೀನಿ. ಮಾಡ್ಕೊಂಡು ಉಣ್ಣು," ಎಂದು ಎದ್ದಳು.

ತಂದಳು. ಪಲ್ಯ ಮಾಡಿ, ಒಬ್ಬಳೇ ಕೂತು ಉಂಡೆ. ಅಳುತ್ತಲೇ ಉಂಡೆ, ಆದರೆ ತಟ್ಟೆಯಲ್ಲಿ ಏನೂ ಬಿಡಲಿಲ್ಲ.

ಕೆಲವು ವರ್ಷಗಳ ನಂತರ ಹದಿನೈದು ದಿನ ಆಕೆ ಬರಲಿಲ್ಲ. ಆಮೇಲೆ ಅದೇ ಬುಟ್ಟಿ ಹೊತ್ತು ಸೊಸೆ ಬಂದಳು. ಅತ್ತೆ ಹೋಗಿಬಿಟ್ಟರು, ಬೋಣಿ ಮಾತ್ರ ನಿಮ್ಮನೇಲೇ ಮಾಡಿಸ್ಕೋ ಅಂತ ಹೇಳಿದ್ರು ಎಂದಳು.

ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನಿಸಿತು. ಹೋಗಲಿಲ್ಲ. ಬುಟ್ಟಿಯ ಮುಂದೆ ಕೂತು, ಹೊನಗೊನ್ನೆ ಇದೆಯಾ ಎಂದು ಕೇಳಿದೆ.