ಟವಲ್ಲಿನ ಕೆಳಗಿನ ಕೈ

ಈ ಟವಲ್ಲಿಗೆ ನಾನು ತೊಂಬತ್ತು ರೂಪಾಯಿ ಕೊಟ್ಟಿದ್ದೇನೆ. ಹನೂರಿನ ಅಂಗಡಿಯವನು ಹೇಳಿದ್ದು ನೂರ ಐವತ್ತು. ಎರಡು ಸಲ ಅವನ ಮೆಟ್ಟಿಲಿಳಿದು, ಮೂರನೆಯ ಸಲ ಕೊಳ್ಳೇಗಾಲದ ಬಸ್ಸಿನ ಕಡೆಗೇ ಕಾಲು ಹಾಕಿ, ಅವನ ಬಾಯಿಂದಲೇ ‘ಬನ್ನಿ ಸಾ, ತಕಂಡೋಗಿ’ ಎನ್ನಿಸಿದ ಮೇಲೆ ಕೈಗೆ ಬಂದದ್ದು. ಕೆಂಪು ಅಂಚಿನ, ಒಗೆದಷ್ಟೂ ಮೆತ್ತಗಾಗುವ ಅಪ್ಪಟ ಹತ್ತಿ. ಮೈ ಒರೆಸಿಕೊಳ್ಳಲಿಕ್ಕಲ್ಲ, ಹೆಗಲ ಮೇಲೆ ಹಾಕಿಕೊಂಡು ಮೆರೆಯಲಿಕ್ಕೂ ಅಲ್ಲ. ಭಾನುವಾರ ಮಧ್ಯಾಹ್ನ ಪೋಕರ್ ಆಡಲಿಕ್ಕೆ. ಇಷ್ಟು ಹೇಳಿದೆನೋ ಇಲ್ಲವೋ, ನಿಮ್ಮ ನಾಲಗೆಯ ತುದಿಗೆ ಬಂದು ನಿಂತಿರುವ ಪ್ರಶ್ನೆಯನ್ನು ನಾನು ಬಲ್ಲೆ: ಎಷ್ಟು ಗೆದ್ದಿರಿ?

ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಕಾವೇರಿ ದಂಡೆಯಲ್ಲಿ ಇಡೀ ದಿನ ಗಾಳ ಹಾಕಿ ಬರಿಗೈಯಲ್ಲಿ ಬಂದವನನ್ನು ಯಾರೂ ಎಷ್ಟು ನಷ್ಟವಾಯಿತೆಂದು ಕೇಳುವುದಿಲ್ಲ. ಭಜನೆಯಲ್ಲಿ ತಾಳ ತಟ್ಟಿ ಬಂದವನಿಗೆ ಎಷ್ಟು ಗಿಟ್ಟಿತು ಅನ್ನುವುದಿಲ್ಲ. ಎದುರಿಗೆ ನಾಲ್ಕು ಇಸ್ಪೀಟೆಲೆ ಹರಡಿಕೊಂಡು ಕೂತವನನ್ನು ಕಂಡರೆ ಮಾತ್ರ, ಊರಿಗೂರೇ ಅವನ ಜೇಬಿನೊಳಕ್ಕೆ ಇಣುಕುತ್ತದೆ. ನಾನು ಕೊತ್ತಂಬರಿ ಕಟ್ಟನ್ನೂ ಚೌಕಾಸಿ ಮಾಡದೆ ಚೀಲಕ್ಕೆ ಹಾಕಿದವನಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ವಾರವೆಲ್ಲ ಪ್ರತಿಯೊಂದಕ್ಕೂ ಬೆಲೆ ಕಟ್ಟಿ ಕಟ್ಟಿ ದಣಿದವನಿಗೇ ಅಲ್ಲವೇ, ಬೆಲೆಯಿಲ್ಲದ ಮಧ್ಯಾಹ್ನವೊಂದರ ಬೆಲೆ ತಿಳಿಯುವುದು?

ನಾನು ಬದುಕು ಶುರುಮಾಡಿದ್ದು ಹನೂರಿನ ಕಡೆಯ ಸಂತೆಗಳಲ್ಲಿ ಎತ್ತಿನ ದಲ್ಲಾಳಿಯಾಗಿ. ದನದ ವ್ಯಾಪಾರ ಕಂಡವರಿಗೆ ಗೊತ್ತು, ಅಲ್ಲಿ ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಚಾಚುತ್ತಾರೆ, ಮೇಲೊಂದು ಟವಲ್ಲು ಬೀಳುತ್ತದೆ, ಅದರ ಮರೆಯಲ್ಲಿ ಬೆರಳು ಹಿಡಿದು ಲೆಕ್ಕ. ಸುತ್ತ ನಿಂತ ಜನಕ್ಕೆ ಕಾಣುವುದು ಎರಡು ಮುಖ ಮಾತ್ರ, ಮುಖ ಎಂಬುದು ಏನು ಬೇಕಾದರೂ ನಟಿಸುತ್ತದೆ. ಕೈ ಹಾಗಲ್ಲ. ತೀರಾ ಬೇಕಾದದ್ದು ಕೈತಪ್ಪುವ ಹೊತ್ತಿಗೆ ಅಂಗೈ ಬೆವರುತ್ತದೆ, ಹೆದರಿದ ಬೆರಳು ತಣ್ಣಗಾಗುತ್ತದೆ. ನಾನು ಕಲಿತ ವಿದ್ಯೆ ಅಷ್ಟೇ. ಅದನ್ನೇ ನಂಬಿ, ಎತ್ತುಗಳ ಕಾಲ ಮುಗಿದ ಮೇಲೆ ಕೊಳ್ಳೇಗಾಲದಲ್ಲಿ ಹಳೆಯ ಪಂಪ್‌ಸೆಟ್ ಮೋಟಾರುಗಳ ಅಂಗಡಿ ಇಟ್ಟು ಬದುಕಿದ್ದೇನೆ.

ಪೋಕರ್ ತಂದವನು ಮುನೀರ. ಬೆಟ್ಟದ ಹತ್ತಿರದ ಒಂದು ರೆಸಾರ್ಟಿನಲ್ಲಿ ಜೀಪು ಓಡಿಸುತ್ತಾನೆ, ಪ್ರವಾಸಿಗಳು ಆಡುವುದನ್ನು ನಿಂತು ನೋಡಿಯೇ ಕಲಿತವನು. ಕೈಗೆ ಎರಡೆರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ. ಧೈರ್ಯವಿದ್ದರೆ ಪಣ ಏರಿಸು, ಇಲ್ಲದಿದ್ದರೆ ಎಲೆ ಮಡಚು. ನಮ್ಮಲ್ಲಿ ಪಣ ಅಂದರೆ ಹುಣಸೆಬೀಜ. ಸಂಜೆಗೆ ಎಲ್ಲ ಬೀಜವೂ ಒಂದೇ ಡಬ್ಬಕ್ಕೆ. ನನ್ನ ಕೈ ಸುಮ್ಮನಿರಬೇಕಲ್ಲ, ಒಂದು ಹೊಸ ಕಾನೂನು ಸೇರಿಸಿದೆ: ಕೊನೆಗೆ ಇಬ್ಬರೇ ಉಳಿದಾಗ ಪಣವನ್ನು ಬಾಯಲ್ಲಿ ಹೇಳುವಂತಿಲ್ಲ, ಟವಲ್ಲಿನ ಕೆಳಗೆ ಕೈ ಹಿಡಿದೇ ಹೇಳಬೇಕು. ಒಂದು ಬೆರಳಿಗೆ ಹತ್ತು ಬೀಜ, ಇಡೀ ಅಂಗೈಗೆ ಐವತ್ತು, ಕೈ ಬಿಟ್ಟರೆ ಎಲೆ ಮಡಚಿದಂತೆ. ಮಡಚಿದ ಎಲೆಯನ್ನು ಯಾರೂ ತಿರುಗಿಸಿ ನೋಡುವಂತಿಲ್ಲ.

ಮೂರನೆಯವನು ನಾಗಣ್ಣ, ರೇಷ್ಮೆ ಸೀರೆ ನೇಯುವವನು. ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವನಿಗೆ ಎಳೆಯೊಡನೆ ಮಾತೇ ಹೊರತು ಮನುಷ್ಯರೊಡನೆ ಇಲ್ಲ. ಮಾಲೀಕ ಹೇಳಿದ್ದೇ ಕೂಲಿ, ನೆಂಟರು ಹೇಳಿದ್ದೇ ಮುಹೂರ್ತ. ಮೊದಮೊದಲು ನಮ್ಮ ಅಂಗಡಿಯ ಜಗಲಿಗೆ ಆಟಕ್ಕೆ ಬಂದಾಗ ಒಳ್ಳೆಯ ಎಲೆ ಬಂದರೂ ಮಡಚಿಡುತ್ತಿದ್ದ. ‘ಯಾಕಣ್ಣಾ, ಎಲೆ ಕಚ್ತದಾ?’ ಎಂದು ಮುನೀರ ರೇಗಿಸುತ್ತಿದ್ದ. ‘ನಂಗ್ಯಾಕಪ್ಪ ಜಗಳ, ನೀವೇ ತಕಳಿ’ ಅನ್ನುತ್ತಿದ್ದ ನಾಗಣ್ಣ. ಹುಣಸೆಬೀಜಕ್ಕೂ ಜಗಳವಾದೀತೆಂದು ಹೆದರುವ ಮನುಷ್ಯ! ಆಮೇಲೆ ಒಂದು ಭಾನುವಾರ ಟವಲ್ಲಿನ ಕೆಳಗೆ ನನ್ನ ಇಡೀ ಅಂಗೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟ. ಕೈ ಬೆಚ್ಚಗಿತ್ತು. ನಾನು ಮಡಚಿದೆ. ಅದಾದ ಸ್ವಲ್ಪ ದಿನಕ್ಕೇ ಮಾಲೀಕನೆದುರು ನಿಂತು, ಜರಿ ಅಂಚಿನ ಸೀರೆಗೆ ಕೂಲಿ ಜಾಸ್ತಿ ಮಾಡಿಸಿಕೊಂಡು ಬಂದ. ‘ಅವರ ಮೊಕ ನೋಡ್ದೆ ಕಣಪ್ಪ, ಸುಮ್ಕೆ ಬೆದರುಸ್ತಾವ್ರೆ ಅನ್ನುಸ್ತು’ ಎಂದ. ಈಗ ಹೇಳಿ, ಆಟದಲ್ಲಿ ಅವನು ಗೆದ್ದದ್ದೆಷ್ಟು?

ಹೀಗಿರುವಾಗ ನಾಗಣ್ಣನ ಮಗಳು ಶೋಭಾಳಿಗೆ ಯಳಂದೂರಿನಿಂದ ಸಂಬಂಧ ಬಂತು. ಹುಡುಗ ಹುಡುಗಿ ಒಪ್ಪಿದ್ದರು. ಅಷ್ಟರಲ್ಲಿ ಹುಡುಗನ ಸೋದರಮಾವ, ಆ ಮನೆಯ ಯಜಮಾನಿಕೆಯನ್ನೆಲ್ಲ ಹೊತ್ತವರು, ಗುಟ್ಟಾಗಿ ವಿಚಾರಿಸಿಕೊಂಡು ಹೋಗಲು ಕೊಳ್ಳೇಗಾಲಕ್ಕೆ ಬಂದು, ನಮ್ಮ ಅಂಗಡಿಯ ಎದುರಿನ ಟೀ ಕ್ಯಾಬಿನ್ನಿನಲ್ಲಿ ನಿಂತು ನಮ್ಮನ್ನು ನೋಡಿದ್ದಾರೆ. ಇಸ್ಪೀಟು ಕಂಡಿದೆ. ಟವಲ್ಲು ಕಂಡಿದೆ. ಅದರ ಕೆಳಗೆ ಕೈ ಹೋದದ್ದೂ ಕಂಡಿದೆ. ‘ಎಣ್ಣಿನ ಅಪ್ಪ ಜೂಜುಕೋರ, ಟವಲ್ ಮರೇಲಿ ದುಡ್ಡು ಓಡ್ತದ’ ಎಂಬ ಸುದ್ದಿ ನಾಗಣ್ಣನ ಮನೆ ತಲುಪಿತು. ಮದುವೆಯ ಮಾತು ನಿಂತಿತು. ನಾಗಣ್ಣ ಆಟಕ್ಕೆ ಬರುವುದನ್ನು ಬಿಟ್ಟ.

ಸಂತೆಯಲ್ಲಿ ಹುಟ್ಟಿದ ನನ್ನ ಟವಲ್ಲಿನ ಕಾನೂನೇ ಅವನ ಮಗಳ ಮದುವೆಗೆ ಅಡ್ಡ ಬಿದ್ದಿತ್ತು. ಸುಮ್ಮನೆ ಕೂರುವುದು ಹೇಗೆ? ಮಾರನೆಯ ದಿನವೇ ಯಳಂದೂರಿಗೆ ಹೋದೆ. ಹುಡುಗನ ಮಾವನವರು ಮರ್ಯಾದಸ್ಥರು, ಕೂರಿಸಿ ನೀರು ಕೊಟ್ಟರು. ಆಮೇಲೆ ವ್ಯವಹಾರಕ್ಕೆ ಬಂದರು.

‘ಆಟ ಬುಡಿಸಿ, ಮದ್ವೆ ಮಾಡನ.’

‘ಆಟ ನೋಡ್ದೆ ಎಂಗ್ ಬುಡುಸ್ತೀರಿ? ಒಂದ್ಸಲ ಬಂದು ಕೂತು ನೋಡಿ. ಎತ್ತು ಕೊಳ್ಳೋನೂ ಬಾಯಿ ಬುಡಿಸಿ ಅಲ್ಲು ನೋಡ್ದೆ ಅಡ್ವಾನ್ಸ್ ಕೊಡಕಿಲ್ಲ.’

‘ನಾವೇನ್ ಎತ್ತು ಕೊಳ್ಳಕೆ ಒಂಟಿದ್ದೀವೇನ್ರೀ?’

‘ಟೀ ಅಂಗ್ಡೀಲಿ ನಿಂತ್ಕಂಡು ದೂರ್ದಿಂದ ನೋಡುದ್ರಲ್ಲ ಸಾ, ಅಂಗೇ ಕಾಣ್ತದ.’

ಅವರ ಮುಖ ಕೆಂಪಾಯಿತು. ನನ್ನದು ಮೊದಲೇ ಕೆಂಪಾಗಿತ್ತು. ಓದುಗ ಮಿತ್ರರೇ, ನೀವೇ ಯೋಚಿಸಿ: ಒಂದು ಲೋಟ ಕಾಫಿ, ಒಂದು ತಟ್ಟೆ ಉಪ್ಪಿಟ್ಟು, ಬಾಗಿಲ ಸಂದಿಯಿಂದ ಒಂದು ನೋಟ, ಇಷ್ಟನ್ನೇ ನಂಬಿ ಒಂದು ಹೆಣ್ಣಿನ, ಒಂದು ಗಂಡಿನ ಪೂರ್ತಿ ಆಯುಷ್ಯವನ್ನು ಪಣಕ್ಕಿಡುವ ಜನ ಜೂಜುಕೋರರಲ್ಲ; ಹುಣಸೆಬೀಜ ಇಟ್ಟುಕೊಂಡು ಕೂತ ನಾವು ಜೂಜುಕೋರರು! ಯಾವ ನ್ಯಾಯ ಇದು?

ಆದರೂ ಮುಂದಿನ ಭಾನುವಾರ ಮಾವನವರು ಬಂದರು. ಹಟಕ್ಕೆ ಬಂದರೋ ಆಸೆಗೆ ಬಂದರೋ ಕಾಣೆ. ‘ಅಬ್ಬದಲ್ಲಿ ಮೂರೆಲೆ ಆಡಿದ್ದುಂಟು, ಅಷ್ಟೆಯ’ ಎಂದು ಹೇಳುತ್ತಲೇ ಎಲೆಗಳನ್ನು ಎಷ್ಟು ಸಲೀಸಾಗಿ ಕಲೆಸಿದರೆಂದರೆ ಮುನೀರ ನನ್ನತ್ತ ನೋಡಿ ಕಣ್ಣು ಮಿಟುಕಿಸಿದ. ನಾಗಣ್ಣನನ್ನು ನಾನೇ ಹೋಗಿ ಎಳೆದುಕೊಂಡು ಬಂದಿದ್ದೆ. ಒಗೆದ ಅಂಗಿ ತೊಟ್ಟು, ಶಾಲೆಯ ಮಗುವಿನಂತೆ ಜಗಲಿಯ ತುದಿಯಲ್ಲಿ ಕೂತಿದ್ದ. ಡಬ್ಬ ಸುರಿದಾಗ ಮಾವನವರು ಬೀಜವೊಂದನ್ನೆತ್ತಿ ಮೂಸಿ ನೋಡಿದರು. ‘ಇದೇನ್ರೀ, ಉಣಸೆಬೀಜ!’

‘ಹುರ್ಕೊಂಡ್ ತಿನ್ನಂಗಿಲ್ಲ ಸಾ, ಲೆಕ್ಕ ತಪ್ತದೆ’ ಎಂದ ಮುನೀರ. ಮಾವನವರಿಗೂ ನಗು ಬಂತು.

ಆಟ ಏರಿತು. ಮಾವನವರು ದರ್ಪದ ಆಟಗಾರ. ಎಲೆ ಹೇಗೇ ಇರಲಿ, ಏರಿಸುವುದೇ. ಕೊನೆಗೆ ಮುನೀರನೂ ನಾನೂ ಮಡಚಿದೆವು, ಉಳಿದವರು ಮಾವನವರು, ನಾಗಣ್ಣ ಇಬ್ಬರೇ. ಮಧ್ಯದ ಐದೆಲೆಗಳಲ್ಲಿ ಎರಡು ಏಳು ಬಿದ್ದಿದ್ದವು. ನಾನು ಟವಲ್ಲು ಹೊದಿಸಿದೆ. ಎರಡು ಕೈಗಳು ಒಳಗೆ ಹೋದವು. ಮಾವನವರ ಮುಖದಲ್ಲಿ ಜಮೀನ್ದಾರನ ನಗು. ನಾಗಣ್ಣ ಒಮ್ಮೆ ಅವರ ಕಣ್ಣನ್ನು ನೋಡಿದ, ತಲೆ ತಗ್ಗಿಸಿದ, ಕೈ ಈಚೆಗೆ ತೆಗೆದ. ಎಲೆ ಮಡಚಿದ.

‘ಅಂಗಾರೆ ನಾನೇ ಗೆದ್ದಂಗಾಯ್ತು’ ಎಂದು ಮಾವನವರು ಬೀಜ ಬಾಚಿಕೊಂಡರು.

ನಾಗಣ್ಣನ ಮುಖ ಕಂಡ ನನಗೆ ತಡೆಯಲಾಗಲಿಲ್ಲ. ನಾನೇ ಮಾಡಿದ ಕಾನೂನನ್ನು ನಾನೇ ಮುರಿದೆ. ಕೈ ಚಾಚಿ ಅವನು ಮಡಚಿದ ಎಲೆಗಳನ್ನು ತಿರುವಿ ಹಾಕಿದೆ. ಉಳಿದೆರಡು ಏಳು! ನಾಲ್ಕೂ ಏಳು ಕೂಡಿದ ಆ ಕೈಗೆ ಎದುರೇ ಇರಲಿಲ್ಲ.

‘ಯಾಕ್ಲಾ ಬುಟ್ಟೆ?’ ಎಂದು ಕಿರುಚಿದೆ.

‘ಅವರ ಕೈ ತಣ್ಣಗಿತ್ತು’ ಎಂದ ನಾಗಣ್ಣ ಮೆಲ್ಲಗೆ. ‘ಗೆಲ್ತೀನಿ ಅಂತ ಗೊತ್ತಿತ್ತು. ಎಣ್ಣು ಕೊಡೋನು ಕಣಪ್ಪ ನಾನು. ಗೆದ್ದು ಎಲ್ಲಿಗೋಗ್ಲಿ?’

ದುಡ್ಡು ಬಂದರೆ ಆಟ ಕೆಡುತ್ತದೆ ಎಂದುಕೊಂಡಿದ್ದೆ. ದುಡ್ಡಿಗಿಂತ ಹೊಲಸಾದದ್ದು ಅಂದು ನಮ್ಮ ಜಗಲಿ ಹತ್ತಿತ್ತು. ಜೀಪಿನವನು, ಮಗ್ಗದವನು, ಮೋಟಾರಿನವನು ಯಾರಿಗೆ ಯಾರೂ ಮೇಲಲ್ಲದೆ ಕೂರುತ್ತಿದ್ದ ಆ ಒಂದೇ ಜಾಗದಲ್ಲಿ, ಹೆಣ್ಣು ಹೆತ್ತ ತಪ್ಪಿಗೆ ಒಬ್ಬ ಗೆಲ್ಲುವ ಎಲೆ ಮಡಚಿಟ್ಟಿದ್ದ. ನಾನು ಮಾವನವರ ಕಡೆ ತಿರುಗಿದೆ. ಮದುವೆ ಮುರಿದರೆ ನಾಗಣ್ಣ ಈ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲವೆಂದು ಗೊತ್ತಿದ್ದೂ ಬಾಯಿ ನಿಲ್ಲಲಿಲ್ಲ. ‘ನೋಡ್ಕಳಿ ಸಾ, ನೀವು ಜೂಜುಕೋರ ಅಂದೋನು ಇವನೇಯ. ಗೆಲ್ಲೋ ಆಟನೂ ಬುಟ್ಕೊಡೋ ಜೂಜುಕೋರ!’

ಮಾವನವರು ತಮ್ಮ ಎಲೆಗಳನ್ನು ತಿರುವಿದರು. ಅವರ ಕೈಯಲ್ಲಿ ಏನೂ ಇರಲಿಲ್ಲ. ನಾಲ್ಕು ಏಳುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಾಚಿಕೊಂಡಿದ್ದ ಬೀಜಗಳನ್ನು ಎರಡೂ ಕೈಯಿಂದ ನಾಗಣ್ಣನ ಮುಂದಕ್ಕೆ ತಳ್ಳಿ, ಮುನೀರನಿಗೆ ಹೇಳಿದರು:

‘ಆಕಪ್ಪಾ ಇನ್ನೊಂದಾಟವ. ಈ ಸಲ ನಮ್ಮ ಬೀಗರು ಬುಟ್ಕೊಡಂಗಿಲ್ಲ.’

ಬೀಗರು ಎಂದರು! ಆ ಮಾತು ನಾಗಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ, ಮುಂದಿನ ಆಟದಲ್ಲಿ, ಟವಲ್ಲಿನ ಕೆಳಗೆ ಅವರ ಅಂಗೈಯನ್ನು ಎಷ್ಟು ಜೋರಾಗಿ ಹಿಚುಕಿದನೆಂದರೆ ‘ಅಯ್ಯಯ್ಯೋ, ಬುಡ್ರೀ, ಮಡಚ್ದೆ!’ ಎಂದು ಮಾವನವರು ಕೂಗಿಕೊಂಡರು.

ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅಂದು ಎಲೆ ತಿರುವದೇ ಇದ್ದಿದ್ದರೆ ಮದುವೆ ಆಗಿಯೇ ಆಗುತ್ತಿತ್ತು, ನಾಗಣ್ಣ ಬದುಕಿಡೀ ಆ ಮನೆಯ ಮುಂದೆ ಮಡಚಿಕೊಂಡೇ ಇರುತ್ತಿದ್ದ, ಎಲ್ಲರೂ ಅದನ್ನು ಒಳ್ಳೆಯತನ ಎನ್ನುತ್ತಿದ್ದರು ಎಂಬುದನ್ನು ನೆನೆದರೆ ಈಗಲೂ ಕುದಿಯುತ್ತೇನೆ. ಹಾಗಾಗಿ ಕೇಳದೆಯೇ ಬುದ್ಧಿ ಹೇಳುತ್ತೇನೆ, ಬಿಟ್ಟಿಯಾಗಿ. ಇದು ನನ್ನ ಕಸುಬಿಗೆ ವಿರುದ್ಧವೆಂಬುದು ನೆನಪಿರಲಿ. ಆಡುವುದಾದರೆ ಹುಣಸೆಬೀಜದಲ್ಲಿ ಆಡಿ, ಸಂಜೆಗೆ ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿಯಿರಿ. ಫೋನಿನೊಳಗೆ ಆಡಬೇಡಿ, ಅಲ್ಲಿ ಎದುರಾಳಿಗೆ ಕೈಯೇ ಇರುವುದಿಲ್ಲ. ಸಂಬಂಧ ನೋಡಲು ಹೋದವರು ಉಪ್ಪಿಟ್ಟು ತಿಂದು ಎದ್ದುಬರಬೇಡಿ, ನಾಲ್ಕು ಆಟ ಆಡಿ ಬನ್ನಿ. ಟವಲ್ಲು ಕೊಳ್ಳುವಾಗ ಹತ್ತಿಯದನ್ನೇ ಕೇಳಿ, ಪಾಲಿಯೆಸ್ಟರು ಬೆವರು ಹೀರುವುದಿಲ್ಲ. ತೊಂಬತ್ತಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಬೇಡಿ. ಮತ್ತೆ, ಎದುರಿಗೆ ಕೂತವರು ಯಾರೇ ಆಗಿರಲಿ, ಕೈಯಲ್ಲಿ ನಾಲ್ಕು ಏಳು ಕೂಡಿದ ದಿನ ದಯವಿಟ್ಟು ಮಡಚಬೇಡಿ.